ಸೀಮೆಸುಣ್ಣದ ಹಡಗು

ಹೆಂಡತಿ: ರೀ, ಇದು ಗೋಡೆನಾ?

ನಾನು: ಗೋಡೆನೇ. ಅದರ ಮೇಲೆ ಕಾಲಿಡಬೇಡ.

ಹೆಂಡತಿ: ಇದು ನಾನು ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ. ಇಡೀ ಡಬ್ಬಿ ತೇದು ನೆಲಕ್ಕೆ ಬಳಿದಿದೀರಿ.

ನಾನು: ಒಂದು ಡಬ್ಬಿ ಸುಣ್ಣಕ್ಕೆ ಯೂರೋಪಿನ ಹಡಗು ಬಂದು ನಮ್ಮನೆ ಹಾಲಲ್ಲಿ ನಿಂತಿದೆ. ಸಂತೋಷಪಡು.

ಹೆಂಡತಿ: ನನ್ನ ಹೊಲಿಗೆ ಮಿಷನ್ನು ಗೋಡೆಯಾಚೆ ಹೋಯ್ತಲ್ಲ!

ನಾನು: ಅದು ನದಿಯಲ್ಲಿದೆ.

ಹೆಂಡತಿ: ಅದರ ಮೇಲೆ ಡಾಕ್ಟರಮ್ಮನ ಕೋಟಿದೆ ಕಣ್ರೀ. ನಾಳೆ ಕೊಡ್ಬೇಕು.

ನಾನು: ಅದೂ ನದಿಯಲ್ಲಿದೆ.

ಹೀಗೆ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಪ್ರಯಾಣ ಶುರುವಾಯಿತು. ನಾನು ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಹೆಂಡತಿ ಟೈಲರ್. ನಿವೃತ್ತಿಯಾದ ವಾರವೇ ಹುಮ್ಮಸ್ಸಿನಲ್ಲಿ ಹೋಗಿ, ಯೂರೋಪಿನ ನದಿಯ ಮೇಲೆ ಎಂಟು ದಿನದ ಹಡಗು ಪ್ರವಾಸಕ್ಕೆ ಇಬ್ಬರ ಹೆಸರೂ ಬರೆಸಿ ಬಂದಿದ್ದೆ. ಮೊದಲನೇ ದಿನ ಅವಳು ಮಗಳಿಗೆ, ಅಣ್ಣನಿಗೆ, ಗಿರಾಕಿಗಳಿಗೆಲ್ಲ ಹೇಳಿಕೊಂಡು ಓಡಾಡಿದಳು. ಎರಡನೇ ದಿನ ಕ್ಯಾಬಿನ್ನಿನ ಅಳತೆ ಕೇಳಿದಳು. ಟೈಲರ್ ಅಲ್ಲವೇ, ಅಳತೆ ಕೇಳದೆ ಯಾವುದಕ್ಕೂ ಕತ್ತರಿ ಹಾಕುವವಳಲ್ಲ. ಹದಿನಾರಕ್ಕೆ ಹತ್ತು ಅಡಿ ಅಂದೆ. "ಅಷ್ಟರಲ್ಲಿ ನಾನು, ನೀವು, ಎಂಟು ದಿನ?" ಎಂದು ಕೇಳಿದವಳು ಆಮೇಲೆ ಪ್ರವಾಸದ ಮಾತೇ ಎತ್ತಲಿಲ್ಲ.

ಬರುತ್ತೀರೋ ಇಲ್ಲವೋ ಎಂದು ಖಚಿತಪಡಿಸಿಕೊಳ್ಳಲು ಟ್ರಾವೆಲ್ ಆಫೀಸಿನ ಹುಡುಗಿ ಇವತ್ತು ಸಂಜೆ ಐದಕ್ಕೆ ಫೋನ್ ಮಾಡುವವಳಿದ್ದಳು. ಹೆಂಡತಿಯ ಮನಸ್ಸು ತಿರುಗಿಸಲು ನಾನೊಂದು ಉಪಾಯ ಹೂಡಿದೆ. ಸೋಫಾ ಸರಿಸಿ, ಟೇಪು ಹಿಡಿದು, ಹಾಲಿನಲ್ಲಿ ಅಷ್ಟೇ ಅಳತೆಯ ಕ್ಯಾಬಿನ್ ಬರೆದೆ. ಐದರವರೆಗೆ ಇಬ್ಬರೂ ಅದರೊಳಗೇ ಇರುವುದು. ಇದ್ದರೆ ಪ್ರವಾಸ, ಯಾರಾದರೂ ಗೋಡೆ ದಾಟಿದರೆ ರದ್ದು. ಬಚ್ಚಲಿಗೆ ಮಾತ್ರ ವಿನಾಯಿತಿ. ಈ ನಿಯಮಗಳನ್ನು ಮಾಡಿದವನು ನಾನೇ. ನೀವು ಬೇಕಾದರೆ ನೆನಪಿಟ್ಟುಕೊಳ್ಳಿ, ನಾನಂತೂ ಮರೆಯಲು ಪ್ರಯತ್ನಿಸುತ್ತಿದ್ದೇನೆ.

ಹೆಂಡತಿ: ಅಡುಗೆಮನೆ ಎಲ್ಲಿ ಬರೆದಿದೀರಿ?

ನಾನು: ಕ್ಯಾಬಿನ್ನಲ್ಲಿ ಅಡುಗೆಮನೆ ಇರಲ್ಲ.

ಹೆಂಡತಿ: ಎಂಟು ದಿನವೂ?

ನಾನು: ಎಂಟು ದಿನವೂ.

ಹೆಂಡತಿ: ಹಂಗಾದ್ರೆ ಈಗ ಕಾಫಿ ಯಾರು ಮಾಡ್ತಾರೆ?

ನಾನು: ಹಡಗಿನ ಸಿಬ್ಬಂದಿ.

ಹೆಂಡತಿ: ಕರೀರಿ ಅವರನ್ನ.

ಕ್ಯಾಬಿನ್ ಬರೆಯುವಾಗ ಈ ವಿಷಯ ನನಗೆ ಹೊಳೆದಿರಲಿಲ್ಲ. ಸಿಬ್ಬಂದಿಗೂ ವಿನಾಯಿತಿ ಕೊಟ್ಟು, ನಾನೇ ಸಿಬ್ಬಂದಿಯಾದೆ. ಸಿಬ್ಬಂದಿ ಬಾಗಿಲಿನಿಂದ ಹೊರಗೆ ಹೋಗಿ, ಹಾಲು ಉಕ್ಕಿಸಿ, ಒಲೆ ಒರೆಸಿ, ಕಾಫಿ ತಂದ. ಅವಳು ಒಂದು ಗುಟುಕು ಕುಡಿದು ಲೋಟವನ್ನೇ ನೋಡುತ್ತ ಕುಳಿತಳು.

ಹೆಂಡತಿ: ಸಿಬ್ಬಂದಿ ಮೇಲೆ ದೂರು ಕೊಡ್ಬೇಕು ಅಂದ್ರೆ ಯಾರಿಗೆ ಹೇಳೋದು?

ನಾನು: ಕ್ಯಾಪ್ಟನ್‌ಗೆ.

ಹೆಂಡತಿ: ಎಲ್ಲಿದಾರೆ?

ನಾನು: ನಾನೇ.

ಹೆಂಡತಿ: ಕ್ಯಾಪ್ಟನ್ರೇ, ನಿಮ್ಮ ಸಿಬ್ಬಂದಿ ಕಾಫಿಪುಡಿ ಡಬ್ಬೀನ ದೂರದಿಂದ ತೋರಿಸಿ ತಂದಿದಾನೆ.

ನಾನು: ಹೊಸಬ. ಸುಧಾರಿಸ್ಕೋತಾನೆ.

ಹೆಂಡತಿ: ಅಯ್ಯೋ, ಮದುವೆಯಾದಾಗಿಂದ ಹೊಸಬನೇ.

ಹನ್ನೊಂದಕ್ಕೆ ಭಾವ ಬಂದರು. ಅಂದರೆ ನನ್ನ ಹೆಂಡತಿಯ ಅಣ್ಣ. ಅಚ್ಚುಕೂಟದಲ್ಲಿ ನಲವತ್ತು ವರ್ಷ ತಪ್ಪು ತಿದ್ದಿದವರು. ಈಗಲೂ ಔಷಧಿ ಶೀಶೆ ಕೈಗೆ ಕೊಟ್ಟರೆ ಮಾತ್ರೆ ನುಂಗುವ ಮೊದಲು ಚೀಟಿಯ ಕಾಗುಣಿತ ನೋಡುತ್ತಾರೆ. ಬರುವ ದಾರಿಯಲ್ಲಿ ಟ್ರಾವೆಲ್ ಆಫೀಸಿಗೆ ಹೋಗಿ, ನಮ್ಮ ಪ್ರವಾಸದ ಕಾಗದಪತ್ರ ತರಲು ನಾನೇ ಹೇಳಿದ್ದೆ. ಅವರು ನೆಟ್ಟಗೆ ನಡೆದು ಗೋಡೆಯೊಳಗಿಂದ ಬಂದುಬಿಟ್ಟರು.

ನಾನು: ಬಾಗಿಲಿಂದ ಬನ್ನಿ ಭಾವ!

ಭಾವ: ಬಾಗಿಲಿಂದನೇ ಬಂದ್ನಲ್ಲಪ್ಪ.

ನಾನು: ಅದು ಮನೆ ಬಾಗಿಲು. ಇದಕ್ಕೆ ಬೇರೆ ಬಾಗಿಲಿದೆ. ಅಲ್ಲಿ, ನಾನು ಚಪ್ಪಲಿ ಬಿಟ್ಟಿರೋ ಕಡೆ.

ಭಾವ ಕೆಳಗೆ ನೋಡಿದರು. ಗೆರೆ ನೋಡಿದರು. ಸರಿಸಿಟ್ಟ ಸೋಫಾ ನೋಡಿದರು. ಅವರ ಮುಖ ಇಳಿದುಹೋಯಿತು.

ಭಾವ: ಅಯ್ಯೋ ತಂಗಿ, ಮನೆ ಭಾಗ ಮಾಡ್ಕೊಂಡ್ರಾ? ಈ ವಯಸ್ಸಲ್ಲಿ ಬೇರೆ ಆಗ್ತಿದೀರಾ?

ಹೆಂಡತಿ: ಬೇರೆ ಆಗ್ತಿಲ್ಲ ಅಣ್ಣ. ಒಟ್ಟಿಗೆ ಇರಕ್ಕಾಗತ್ತಾ ಅಂತ ನೋಡ್ತಿದೀವಿ.

ಭಾವ: ಮೂವತ್ತಾರು ವರ್ಷ ಆದ್ಮೇಲಾ?

ಹೆಂಡತಿ: ಒಟ್ಟಿಗೆ ಎಲ್ಲಿದ್ವಿ? ಇವರು ಯಾವಾಗಲೂ ಯಾರದೋ ಲಿಫ್ಟ್ ಒಳಗೆ ಇರ್ತಿದ್ರು.

ವಿಷಯ ತಿಳಿದ ಮೇಲೆ ಭಾವನಿಗೆ ಸಮಾಧಾನವಾಯಿತು. ಗೆರೆಯಾಚೆ ಕುರ್ಚಿ ಹಾಕಿಕೊಂಡು, ಅಂದರೆ ನದಿ ದಂಡೆಯ ಮೇಲೆ ಕುಳಿತು, ಕನ್ನಡಕ ಏರಿಸಿ, ಕಾಗದ ಬಿಡಿಸಿದರು. ಸಾಮಾನ್ಯ ಜನ ದೊಡ್ಡ ಅಕ್ಷರದಿಂದ ಓದಲು ಶುರುಮಾಡುತ್ತಾರೆ. ಭಾವ ಕೆಳಗಿನಿಂದ, ಸಣ್ಣ ಅಕ್ಷರದಿಂದ ಶುರುಮಾಡಿದರು.

ಭಾವ: ನಿಮ್ಮ ಕ್ಯಾಬಿನ್ನಿಗೆ ಬಾಲ್ಕನಿ ಇದೆ.

ನಾನು: (ಹೆಂಡತಿಗೆ) ಕೇಳಿಸ್ಕೊಂಡ್ಯಾ?

ಭಾವ: ಆದ್ರೆ ಅದರಲ್ಲಿ ನಿಂತ್ಕೊಳಕ್ಕೆ ಜಾಗ ಇಲ್ಲ. ಗಾಜಿನ ಬಾಗಿಲು ತೆರೆದ್ರೆ ತಕ್ಷಣ ಕಟಕಟೆ.

ಹೆಂಡತಿ: ನಿಂತ್ಕೊಳಕ್ಕೆ ಆಗದಿದ್ರೆ ಅದು ಬಾಲ್ಕನಿ ಹೆಂಗಾಗತ್ತೆ?

ನಾನು: ಬಾಲ್ಕನಿ ಇರೋದು ನೋಡಕ್ಕೆ.

ಹೆಂಡತಿ: ಬಾಲ್ಕನೀನ ನೋಡಕ್ಕೋ, ಬಾಲ್ಕನಿಯಿಂದ ನೋಡಕ್ಕೋ?

ಭಾವ: ಸುಮ್ನಿರಿ, ಮುಂದೆ ಇದೆ. ದಾರಿಯಲ್ಲಿ ಅಲ್ಲಲ್ಲಿ ಹಡಗು ಒಂದು ದೊಡ್ಡ ತೊಟ್ಟಿಯೊಳಗೆ ಹೋಗತ್ತಂತೆ. ಹಿಂದಿನ ಬಾಗಿಲು ಮುಚ್ಚತ್ತೆ. ನೀರು ತುಂಬತ್ತೆ. ಹಡಗು ನಿಧಾನಕ್ಕೆ ಮೇಲಕ್ಕೇರತ್ತೆ. ಮುಂದಿನ ಬಾಗಿಲು ತೆರೆಯತ್ತೆ. ಹೊರಗೆ ಹೋಗತ್ತೆ.

ಹೆಂಡತಿ ಕೈಲಿದ್ದ ಲೋಟ ಕೆಳಗಿಟ್ಟಳು. ನಾನು ಬಾಲ್ಕನಿ ಇರಬೇಕಾದ ಕಡೆಯ ಗೆರೆಯಿಂದ ಹೊರಗೆ ನೋಡತೊಡಗಿದೆ. ಅಲ್ಲಿ ನಮ್ಮ ಬಟ್ಟೆ ಬೀರು ಇತ್ತು.

ಹೆಂಡತಿ: ಅಣ್ಣ, ಇನ್ನೊಂದ್ಸಲ ಓದು. ಬಾಗಿಲು ಮುಚ್ಚತ್ತೆ, ಮೇಲಕ್ಕೇರತ್ತೆ, ಬಾಗಿಲು ತೆರೆಯತ್ತೆ?

ಭಾವ: ಹೌದು.

ಹೆಂಡತಿ: ಅದನ್ನ ಲಿಫ್ಟ್ ಅಂತಾರೆ.

ನಾನು: ಲಾಕ್ ಅಂತಾರೆ.

ಹೆಂಡತಿ: ನಿಮಗೆ ಹೆಂಗೆ ಗೊತ್ತು? ಅಣ್ಣ ಇನ್ನೂ ಹೆಸರು ಓದ್ಲೇ ಇಲ್ಲ. ಎಷ್ಟಿವೆ ಅಣ್ಣ?

ಭಾವ: ಈ ದಾರಿಯಲ್ಲಿ ಇಪ್ಪತ್ತೈದು.

ಹೆಂಡತಿ: ಬೇರೆ ದಾರಿ ಇತ್ತಾ?

ಭಾವ: ಎಂಟು ದಿನದ್ದೇ ಇನ್ನೂ ಎರಡಿವೆ. ಒಂದರಲ್ಲಿ ಎರಡು ಲಾಕ್, ಇನ್ನೊಂದರಲ್ಲಿ ಒಂದೂ ಇಲ್ಲ. ಈ ಇಪ್ಪತ್ತೈದರ ಪಕ್ಕ ಒಂದು ನಕ್ಷತ್ರ ಇದೆ. (ಕಾಗದವನ್ನು ಬೆಳಕಿಗೆ ಹಿಡಿದು) ಇದು ಅಚ್ಚಿನದಲ್ಲ. ಹೆಸರು ಬರೆಸೋವಾಗ ಯಾರೋ ಪೆನ್ನಲ್ಲಿ ಹಾಕಿರೋದು.

ಹೆಂಡತಿ: ಯಾರು?

ಭಾವ: ಯಾರೋ ಬಹಳ ಒತ್ತಿ ಹಾಕಿದಾರೆ. ಕಾಗದ ತೂತಾಗಿದೆ.

ನಾನು: ನೋಡು, ಒಂದೂವರೆ ಸಾವಿರ ಟನ್ ಹಡಗನ್ನ ಹಗ್ಗ ಇಲ್ಲದೆ, ಮೋಟಾರ್ ಇಲ್ಲದೆ, ಬರೀ ನೀರಲ್ಲಿ ಎತ್ತೋದು ಅಂದ್ರೆ...

ಹೆಂಡತಿ: ನಾನು ಊರು ನೋಡಕ್ಕೆ ಬರ್ತಿದೀನಿ ಅಂದ್ಕೊಂಡಿದ್ದೆ. ನೀವು ಡ್ಯೂಟಿಗೆ ಹೊರಟಿದೀರಿ.

ನಾನು: ಛೇ, ಡ್ಯೂಟಿ ಏನು ಬಂತು? ಸುಮ್ನೆ ನೋಡೋದು.

ಹೆಂಡತಿ: ಮದುವೆಯಾದ ವಾರದಲ್ಲಿ ಎರಡು ದಿನ ಎಲ್ಲಾದ್ರೂ ಹೋಗಿಬರಣ ಅಂತ ಬಸ್ಸಲ್ಲಿ ಕೂತಿದ್ವಿ. ನೆನಪಿದೆಯಾ? ಬಸ್ಸು ಹೊರಡಕ್ಕೆ ಮುಂಚೆ ನೀವು ಇಳಿದು ಹೋದ್ರಿ.

ನಾನು: ಆಸ್ಪತ್ರೆ ಲಿಫ್ಟ್ ನಿಂತಿತ್ತು. ಆಳು ಓಡಿಬಂದು ಕರೆದ.

ಹೆಂಡತಿ: ಮಗಳು ಹುಟ್ಟಿದಾಗ ಎಲ್ಲಿದ್ರಿ?

ನಾನು: ಅದೇ ಆಸ್ಪತ್ರೆಯಲ್ಲೇ ಇದ್ನಲ್ಲ!

ಹೆಂಡತಿ: ಲಿಫ್ಟಿನ ನೆತ್ತಿ ಮೇಲಿದ್ರಿ. ಕೈಗೆಲ್ಲ ಗ್ರೀಸ್ ಅಂತ ನರ್ಸು ನಿಮಗೆ ಮಗೂನ ದೂರದಿಂದ ತೋರಿಸಿದ್ಲು.

ಭಾವ ಕಾಗದದಲ್ಲಿ ಮುಖ ಮುಚ್ಚಿಕೊಂಡು, ಇಲ್ಲದ ತಪ್ಪು ಹುಡುಕತೊಡಗಿದರು. ಹದಿನಾರಕ್ಕೆ ಹತ್ತು ಅಡಿಯ ಕೋಣೆಯಲ್ಲಿ ಬೆನ್ನು ತಿರುಗಿಸಿ ಕುಳಿತವರ ನಡುವೆ ಎಷ್ಟು ದೂರ ಇರಬಹುದೆಂದು ಯಾವ ಟ್ರಾವೆಲ್ ಆಫೀಸಿನವರೂ ಬರೆಯುವುದಿಲ್ಲ. ಊಟ ಸಿಬ್ಬಂದಿ ತಂದ. ಬ್ರೆಡ್ಡು ಸೀದಿತ್ತು. ಈ ಸಲ ದೂರು ಬರಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಮೂರರ ಹೊತ್ತಿಗೆ ಅವಳೇ ಮಾತಾಡಿದಳು.

ಹೆಂಡತಿ: ಆ ಲಾಕ್ ಕೆಟ್ಟು ನಿಂತ್ರೆ ಯಾರು ರಿಪೇರಿ ಮಾಡ್ತಾರೆ?

ನಾನು: ಅಲ್ಲಿನವರು.

ಹೆಂಡತಿ: ಆಗ ನೀವೇನು ಮಾಡ್ತೀರಿ?

ನಾನು: ಕೂತಿರ್ತೀನಿ.

ಹೆಂಡತಿ: ಎಲ್ಲಿ?

ನಾನು: ನಿನ್ನ ಪಕ್ಕ.

ಹೆಂಡತಿ: ಎದ್ದು ಹೋಗಲ್ವಾ?

ನಾನು: ನಾನು ಪ್ರಯಾಣಿಕ ಕಣೇ. ಯಾಕೆ ಹೋಗ್ಲಿ?

ಅವಳು ತಟ್ಟೆಯಲ್ಲಿದ್ದ ಕೊನೆಯ ಬಿಸ್ಕತ್ತನ್ನು ನನ್ನ ಕಡೆ ತಳ್ಳಿದಳು. ಗೆದ್ದೆ ಅಂದುಕೊಂಡೆ. ಭಾವ ಗಡಿಯಾರ ನೋಡಿ ಎರಡು ಗಂಟೆ ಬಾಕಿ ಎಂದು ಸಾರಿದರು.

ನಾಲ್ಕು ಇಪ್ಪತ್ತಕ್ಕೆ ನನ್ನ ಫೋನ್ ಹೊಡೆದುಕೊಂಡಿತು. ಹಿಂದಿನ ಬೀದಿಯ ಐದಂತಸ್ತಿನ ಕಟ್ಟಡದ ಸೆಕ್ರೆಟರಿ. ಮೂರನೇ ಮಹಡಿಯಲ್ಲಿ ಲಿಫ್ಟ್ ನಿಂತಿದೆ, ಒಳಗೆ ಅವರ ಅತ್ತೆ ಇದ್ದಾರೆ, ಕಂಪನಿಯವರು ಬರುವುದು ಇನ್ನೆರಡು ಗಂಟೆ. ನನಗೆ ಆ ಲಿಫ್ಟ್ ಗೊತ್ತು. ಅದನ್ನು ಕೂರಿಸಿದವನೇ ನಾನು.

ನಾನು: (ಫೋನಿನಲ್ಲಿ) ಇಲ್ಲ ಸಾರ್, ಬರಕ್ಕಾಗಲ್ಲ. ನಾನು ಹಡಗಲ್ಲಿದೀನಿ... ಹಡಗು, ಹಡಗು... ಅಲ್ಲ, ಮನೆಯಲ್ಲೇ... ನಿಮ್ಮ ಅತ್ತೆಯವರಿಗೆ ಗಾಬರಿಯಾಗಬೇಡಿ ಅನ್ನಿ... ನಿಮ್ಮನ್ನೇ ಬೈತಿದಾರಾ? ಹಂಗಾದ್ರೆ ಉಸಿರಾಟ ಚೆನ್ನಾಗಿದೆ.

ಫೋನ್ ಇಟ್ಟೆ. ಕಾಲು ತಾನಾಗಿ ಕುಣಿಯತೊಡಗಿತು.

ಹೆಂಡತಿ: ಹೋಗ್ಬೇಕು ಅನ್ಸತ್ತಾ?

ನಾನು: ಇಲ್ಲವೇ ಇಲ್ಲ.

ಹೆಂಡತಿ: ಕಾಲು?

ನಾನು: ಅದಕ್ಕೆ ಜೋಮು.

ಭಾವ: ಇನ್ನು ಮೂವತ್ತೈದೇ ನಿಮಿಷ. ತಡ್ಕೊಳಪ್ಪ.

ನಾನು: ತಡ್ಕೊಂಡೇ ಇದೀನಲ್ಲ. ಏನೋ ಬಾಗಿಲ ಹತ್ರದ ಸಣ್ಣ ತೊಂದರೆ ಇರ್ಬೇಕು. ಗೊತ್ತಿಲ್ಲದೋರು ಕೈ ಹಾಕಿದ್ರೆ ಕೆಡಿಸ್ತಾರೆ. ಅದರ ಮೂರನೇ ಮಹಡಿ ಬಾಗಿಲಿಗೆ ಒಂದು ಹಟ ಇದೆ, ಅದು ನನಗೆ ಮಾತ್ರ...

ಆ ವಾಕ್ಯ ನಾನು ಮುಗಿಸಿದ್ದು ಬೀದಿಯಲ್ಲಿ. ಬಾಗಿಲಿನಿಂದ ಹೋಗಬೇಕೆಂಬ ಬುದ್ಧಿಯೂ ಉಳಿಯಲಿಲ್ಲ. ಗೋಡೆ ಸೀಳಿಕೊಂಡು, ನದಿಗೆ ಹಾರಿ, ಹೊಲಿಗೆ ಮಿಷನ್ನಿಗೆ ಮೊಣಕಾಲು ಜಜ್ಜಿಕೊಂಡು, ಡಾಕ್ಟರಮ್ಮನ ಕೋಟಿನ ಒಂದು ತೋಳು ಹೆಗಲ ಮೇಲೆ ಎಳೆದುಕೊಂಡು ಓಡಿದೆ. "ಬಾಗಿಲಿಂದ! ಬಾಗಿಲಿಂದ!" ಎಂದು ಹಿಂದೆ ಭಾವ ಕೂಗುತ್ತಿದ್ದರು.

ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿದರೆ, ಸೆಕ್ರೆಟರಿಯ ಅತ್ತೆ ಹೊರಗೆ ಕುರ್ಚಿಯಲ್ಲಿ ಕುಳಿತು ನೀರು ಕುಡಿಯುತ್ತಿದ್ದರು. ಬಾಗಿಲಿನ ಹಳಿಯಲ್ಲಿ ಒಂದು ಪೆನ್ಸಿಲ್ ಚೂರು ಸಿಕ್ಕಿಕೊಂಡಿತ್ತಂತೆ. ನೆಲ ಒರೆಸುವ ಹೆಂಗಸು ಕಡ್ಡಿಯಿಂದ ತೆಗೆದು, ತನ್ನ ಪಾಡಿಗೆ ನಾಲ್ಕನೇ ಮಹಡಿ ಒರೆಸಲು ಹೋಗಿದ್ದಳು. ಅತ್ತೆ ನನ್ನನ್ನು, ನನ್ನ ಹೆಗಲ ಮೇಲಿನ ಕೋಟಿನ ತೋಳನ್ನು ಮೇಲಿಂದ ಕೆಳಗೆ ನೋಡಿ, "ಇವರ‍್ಯಾರು?" ಎಂದು ಅಳಿಯನನ್ನು ಕೇಳಿದರು. ಅಳಿಯನೂ ಸ್ವಲ್ಪ ಯೋಚಿಸಿ, "ಮೊದಲು ಲಿಫ್ಟ್ ನೋಡ್ಕೋತಿದ್ರು" ಅಂದ.

ಇಳಿಯುವಾಗ ಮೆಟ್ಟಿಲಲ್ಲೇ ಇಳಿದೆ. ಮನೆ ತಲುಪಿದಾಗ ಐದೂ ಕಾಲು. ನನ್ನ ಹೆಜ್ಜೆ ಬಿದ್ದಲ್ಲಿ ಗೋಡೆ ಅಳಿಸಿತ್ತು. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಹೆಂಡತಿ ಬಾಲ್ಕನಿಯ ಪಕ್ಕ ಕಾಲು ಚಾಚಿ ಕುಳಿತಿದ್ದಳು. ಭಾವ ಅವಳಿಗೆ ಕಾಫಿ ತಂದುಕೊಡುತ್ತಿದ್ದರು.

ಹೆಂಡತಿ: ಸಿಕ್ಕಿಹಾಕ್ಕೊಂಡೋರು ಹೊರಗೆ ಬಂದ್ರಾ?

ನಾನು: ನಾನು ಹೋಗೋ ಹೊತ್ತಿಗೇ ಬಂದಾಗಿತ್ತು.

ಹೆಂಡತಿ: ಮತ್ತೆ ನೀವೇನು ಮಾಡಿದ್ರಿ?

ನಾನು: ಮೇಲಕ್ಕೆ ಹತ್ತಿದೆ. ಕೆಳಕ್ಕೆ ಇಳಿದೆ.

ಅವಳಿಗೆ ನಗು ಬಂತು. ತಡೆದುಕೊಂಡಳು. ನಾನು ಕೋಟನ್ನು ಮೆಲ್ಲಗೆ ಮಿಷನ್ನಿನ ಮೇಲಿಟ್ಟೆ.

ನಾನು: ಟ್ರಾವೆಲ್ ಆಫೀಸಿನ ಫೋನ್ ಬಂತಾ?

ಹೆಂಡತಿ: ಸರಿಯಾಗಿ ಐದಕ್ಕೆ.

ನಾನು: ರದ್ದು ಅಂದ್ಯಾ?

ಹೆಂಡತಿ: ಎಂಟು ದಿನದ್ದು ರದ್ದು ಅಂದೆ.

ನಾನು: ಹೋಗ್ಲಿ ಬಿಡು. ನನ್ನದೇ ತಪ್ಪು.

ಹೆಂಡತಿ: ಹದಿನೈದು ದಿನದ್ದು ಹಾಕಿ ಅಂದೆ.

ಭಾವ: ಅರವತ್ತೆಂಟು ಲಾಕ್. ನಾನು ಎರಡು ಸಲ ಎಣಿಸಿದೆ.

ನಾನು: ಅಲ್ವೇ, ನಾನು ಗೋಡೆ ದಾಟಿ ಓಡಿಹೋದ್ನಲ್ಲ!

ಹೆಂಡತಿ: ಅದಕ್ಕೇ ಹೇಳಿದ್ದು. ಗೋಡೆ ಇಟ್ಟುಕೊಂಡು ನಿಮ್ಮನ್ನ ನಿಲ್ಲಿಸಕ್ಕಾಗಲ್ಲ ಅಂತ ಇವತ್ತು ಗೊತ್ತಾಯ್ತು. ಅಲ್ಲಾದ್ರೆ ಸುತ್ತಲೂ ನೀರು. ನಿಮಗೆ ಈಜು ಬರಲ್ಲ.