ಮಾಳಿಗೆಯ ಮೇಲಿನ ಸಸಿ

ನರೇಗಲ್ಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮುಜಫ್ಫರನ ತಲೆ ಕೆಡಿಸಿದ್ದು ಗೇಣುದ್ದವೂ ಇಲ್ಲದ ಒಂದು ಕಾಡುಸಸಿ. ಒಂದೇ ಮಳೆಗಾಲ ಬದುಕುವ, ನೀರು ತುಂಬಿದ ದಪ್ಪ ಎಲೆಯ ಸಸಿ. ಕಡಲದಂಡೆ ಬಿಟ್ಟು ಬೇರೆಲ್ಲೂ ಹುಟ್ಟುವುದಿಲ್ಲವೆಂದು ಪುಸ್ತಕಗಳು ಹೇಳುವ ಅದು ಅವನ ಮನೆಯ ಮಣ್ಣಿನ ಮಾಳಿಗೆಯ ಮೇಲೆ ಹಾಯಾಗಿ ಹುಟ್ಟಿತ್ತು! ಹೇಗೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಆದರೂ ಧಾರವಾಡದ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದ. ಪರೀಕ್ಷಿಸಲು ಅಲ್ಲಿನ ಸಸ್ಯತಜ್ಞೆ ಅನಘಾ ಮೇಡಂ ಇವತ್ತೇ ಬರುವವರಿದ್ದರು. ಅವರು ಹೂಂ ಅಂದರೆ ಸಸಿಯ ಹೊಸ ನೆಲೆಯೆಂದು ನರೇಗಲ್ಲೂ, ಕಂಡುಹಿಡಿದವನೆಂದು ಮುಜಫ್ಫರನೂ ಪುಸ್ತಕ ಸೇರುತ್ತಿದ್ದರು.

ಬೆಳಿಗ್ಗೆ ಹತ್ತಿ ನೋಡಿದರೆ ಮಾಳಿಗೆ ಬೋಳು.

“ಅಮ್ಮಾ, ಇಲ್ಲೊಂದು ಸಸಿ ಇತ್ತಲ್ಲಾ?”

“ಹುಲ್ಲ ಬೆಳದ್ರ ಮಾಳಗಿ ಸೋರೂದಿಲ್ಲೇನು? ಕಿತ್ತು ಸರಸ್ವತಿಬಾಯಾರ ಆಕಳಿಗೆ ಕೊಟ್ಟೆ,” ಎಂದರು ತಾಯಿ ಮೈಮುನಬಿ.

ಮುಜಫ್ಫರ ಪಕ್ಕದ ಮನೆಗೆ ಓಡಿ ಆಕಳ ಬಾಯಿಗೇ ಕೈ ಹಾಕಿದ. ಅದು ಅವನ ಅಂಗಿಯ ತೋಳು ಕಚ್ಚಿ ಹರಿಯಿತು.

“ಅದರ ಬಾಯಾಗ ಏನ್ ಹುಡುಕ್ತೀರಿ ಸರ?” ಸರಸ್ವತಿಬಾಯಿ ಮೊರ ಹಿಡಿದು ಹೊರಬಂದರು. “ಆಕಳು ಬರೇ ಮೂಸಿ ಬಿಡ್ತು. ಎಲಿ ದಪ್ಪ ಅವ, ಗೋಳಿಪಲ್ಲೆ ಇರಬೇಕಂತ ಅಡಿಗಿಗೆ ಸೋಸಾಕತ್ತೀನಿ.”

ಮೊರದಲ್ಲಿ ಉಳಿದಿದ್ದ ಒಂದೇ ಕಡ್ಡಿಯನ್ನು ಕಸಿದುಕೊಂಡು ಬರುವಷ್ಟರಲ್ಲಿ ಬಾಗಿಲಲ್ಲಿ ಅನಘಾ ಮೇಡಂ! ಅವರು ಹರಿದ ತೋಳನ್ನೊಮ್ಮೆ ನೋಡಿ, ಕಡ್ಡಿಯನ್ನು ಮಸೂರದಲ್ಲಿ ನೋಡಿದರು.

“ಸಸಿ ಖರೇನ ಅದರಿ ಸರ! ಹುಟ್ಟಿದ ಜಾಗಾ ತೋರಸ್ರಿ.”

ಮಾಳಿಗೆಯಲ್ಲಿ ಅದೇ ಜಾಗದಲ್ಲಿ ಇನ್ನೂ ನಾಲ್ಕು ಪುಟ್ಟ ಮೊಳಕೆಗಳಿದ್ದವು. ಮುಜಫ್ಫರನಿಗೆ ಕುಣಿಯುವಷ್ಟು ಖುಷಿಯಾಯಿತು. ಮೇಡಂ ‘ನರೇಗಲ್’ ಎಂದು ಬರೆದೂಬಿಟ್ಟರು. ಆಮೇಲೆ ಮಣ್ಣು ಕೆದರಿದರು.

“ಮಾಳಗಿ ತುಂಬ ಜಿಗಟ ಮಣ್ಣದ, ಇಲ್ಲಷ್ಟ ಯಾಕ ಉಸುಕದರಿ?”

ಮುಜಫ್ಫರ ಕಕ್ಕಾಬಿಕ್ಕಿಯಾದ. ಹಿಂದೆಯೇ ಹತ್ತಿ ಬಂದಿದ್ದ ಮೈಮುನಬಿ ಹೆಮ್ಮೆಯಿಂದ ಮುಂದೆ ಬಂದರು.

“ನಾನ ಹಾಕೀನ್ರಿ. ಹೋದ ವರ್ಷ ಇಂವಾ ಕಾರವಾರದಿಂದ ಮಲ್ಲಿಗಿ ಕುಂಡ ತಂದಿದ್ದ. ಮಲ್ಲಿಗಿ ಒಣಗಿತು. ಕುಂಡದಾಗಿನ ಉಸುಕ ಯಾಕ ಚೆಲ್ಲೂದಂತ ಸೋರೂ ಜಾಗಕ್ಕ ಸುರದೆ.”

ಮೇಡಂ ‘ನರೇಗಲ್’ ಮೇಲೆ ಅಡ್ಡಗೀಟು ಎಳೆದರು. ಮುಜಫ್ಫರನ ಮುಖ ಸಪ್ಪಗಾದದ್ದು ಕಂಡು ತಾಯಿಗೆ ಕರುಳು ಚುರುಕ್ಕೆಂದಿತು.

“ಹಂಗಾರ ನನ್ನ ಮಗನ ಹೆಸರು ಬರೂದಿಲ್ಲೇನ್ರಿ?”

“ಬರ್ತದರಿ ಅಮ್ಮಾ, ಚಿಂತಿ ಮಾಡಬ್ಯಾಡ್ರಿ,” ಎಂದರು ಮೇಡಂ.

ಬಂದೇಬಂತು. ಮುಂದಿನ ತಿಂಗಳು ಮೇಡಂ ಕಳಿಸಿದ ಲೇಖನದಲ್ಲಿ ಅಚ್ಚಾಗಿತ್ತು: ‘ಈ ಸಸಿಯ ಬೀಜಗಳು ಹರಡುವುದು ಗಾಳಿಯಿಂದ, ನೀರಿನಿಂದ, ಇರುವೆಗಳಿಂದ ಮತ್ತು ನರೇಗಲ್ಲಿನ ಮುಜಫ್ಫರ ಅವರಿಂದ.’