ಸಿಯಾಟಲ್ಲೋ ಫೀನಿಕ್ಸೋ

ಆಗ ನನಗೆ ಅರವತ್ತೆಂಟು. ಈಗ್ಗೆ ಆರು ವರ್ಷದ ಹಿಂದಿನ ಮಾತು. ಇಂಗ್ಲೆಂಡಿನ ಲೀಡ್ಸ್ ಊರಿನ ಒಂದೇ ಮನೆಯಲ್ಲಿ ಕೂತುಕೊಂಡು ಅಮೆರಿಕದ ಎರಡೆರಡು ಊರುಗಳಲ್ಲಿ ಸಂಸಾರ ಮಾಡಿದ ಗಂಡಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವನಿಗೆ ನನ್ನ ಮಗಳನ್ನೇ ಕೊಟ್ಟಿದ್ದೇನೆ!

ಹೆಸರು ಹೇಳುವುದಿಲ್ಲ. ಎದುರಿಗಿದ್ದಾಗ 'ಅಳಿಯಂದ್ರೇ, ಬನ್ನಿ, ಕೂತ್ಕೊಳ್ಳಿ' ಎನ್ನುತ್ತೇನೆ. ಆ ಕಡೆ ತಿರುಗಿದ ಕೂಡಲೇ 'ಅವನು'. ನಮ್ಮ ದಾವಣಗೆರೆ ಕಡೆ ಅಳಿಯಂದಿರಿಗೆ ಸಿಗುವ ಮರ್ಯಾದೆ ಇಷ್ಟೇ, ಇದಕ್ಕಿಂತ ಹೆಚ್ಚು ಕೊಟ್ಟರೆ ಕೆಡುತ್ತಾರೆ.

ಆಸ್ಪತ್ರೆಗಳಲ್ಲಿ ಮನುಷ್ಯರನ್ನು ಒಳಗೆ ತಳ್ಳಿ ಫೋಟೋ ತೆಗೆಯುತ್ತಾರಲ್ಲ, ಆ ದೊಡ್ಡ ಸ್ಕ್ಯಾನಿಂಗ್ ಯಂತ್ರ ಮಾಡುವ ಕಂಪನಿಯಲ್ಲಿ ಅವನು ಇಂಜಿನಿಯರು. ಯಂತ್ರ ಕೆಟ್ಟರೆ ಇವನು ಹೋಗಿ ಸರಿ ಮಾಡಬೇಕು. ಊರ ಯಂತ್ರಗಳನ್ನೆಲ್ಲ ಸರಿ ಮಾಡುವ ಈ ಮಹಾನುಭಾವ ಮನೆಯ ಬಚ್ಚಲಿನ ನಲ್ಲಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಹಗಲೂ ರಾತ್ರಿ ತೊಟ್ಟಿಕ್ಕುತ್ತಿತ್ತು. ಕೇಳಿದರೆ, "ಬಿಟ್ಟು ಹೋಗೋ ಮನೆಗೆ ಯಾಕೆ ಅತ್ತೆ?" ನನ್ನ ಕೋಣೆಯ ಕಿಟಕಿಗೆ ಪರದೆ ಇರಲಿಲ್ಲ, ಹಳೇ ಬೆಡ್‌ಶೀಟಿಗೆ ಪಿನ್ನು ಚುಚ್ಚಿ ನೇತು ಹಾಕಿದ್ದೆ. ಅದಕ್ಕೂ ಅದೇ ಉತ್ತರ.

ಹೋಗುವುದು ಎಲ್ಲಿಗೆ? ಅಲ್ಲೇ ಇರುವುದು ತಮಾಷೆ. ಕಂಪನಿಗೆ ಅಮೆರಿಕದ ಪಡುವಣ ಭಾಗದಲ್ಲಿ ಎರಡು ಆಫೀಸುಗಳಿದ್ದವು. ಒಂದು ಸಿಯಾಟಲ್, ಇನ್ನೊಂದು ಫೀನಿಕ್ಸ್. "ದೊಡ್ಡ ಕೆಲಸ ಕೊಡುತ್ತೇವೆ, ಎರಡರಲ್ಲಿ ಒಂದು ಊರು ಆರಿಸಿಕೋ" ಎಂದಿದ್ದರು. ಬುದ್ಧಿ ನೆಟ್ಟಗಿರುವವನಾದರೆ ಒಂದು ಭಾನುವಾರ ಕೂತು ಯೋಚಿಸಿ ಸೋಮವಾರ ಹೇಳುತ್ತಿದ್ದ. ಇವನು ಒಂದು ಚಳಿಗಾಲ ಪೂರ್ತಿ ನುಂಗಿದ! ಬೆಳಿಗ್ಗೆ ಉಪ್ಪಿಟ್ಟಿಗೆ ಸಿಯಾಟಲ್, ರಾತ್ರಿ ಚಪಾತಿಗೆ ಫೀನಿಕ್ಸ್. ಎರಡು ಊರನ್ನೂ ಅವನು ಕಣ್ಣಿಂದ ಕಂಡವನಲ್ಲ.

ಇದರಲ್ಲಿ ನನಗೇನು ಹೋಯಿತು ಎನ್ನುತ್ತೀರಾ? ಹೋಗುವುದೆಲ್ಲ ನನ್ನದೇ. ಗಂಡ ತೀರಿಕೊಂಡ ಮೇಲೆ ಮನೆ ಮಾರಿ ಮಗಳ ಹತ್ತಿರ ಬಂದವಳು ನಾನು. ಮೂರನೇ ದೇಶಕ್ಕೂ ಈ ಮುದುಕಿಯನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ? ಇವರು ಅಮೆರಿಕಕ್ಕೆ ಹೊರಟರೆ ನಾನು ದಾವಣಗೆರೆಗೆ, ತಮ್ಮನ ಮನೆಗೆ. ತಮ್ಮ ಒಳ್ಳೆಯವನೇ. ಆದರೆ ಅವನ ಮನೆಯಲ್ಲಿ ಹೆಂಡತಿ, ಇಬ್ಬರು ಸೊಸೆಯರು, ಒಂದು ಒಲೆ. ಆ ಒಲೆಯ ಮುಂದೆ ನನಗೆಲ್ಲಿ ಜಾಗ? 'ಅಕ್ಕ, ನೀನು ಕೂತ್ಕೊ, ಕಾಫಿ ತರ್ತಾರೆ' ಎಂದು ನೆಂಟರ ಹಾಗೆ ಹಜಾರದಲ್ಲಿ ಕೂರಿಸುತ್ತಾರೆ. ಸಾಯುವ ತನಕ ನೆಂಟಳಾಗಿ ಕೂರುವುದು ಸುಖವೇ? ಲೀಡ್ಸಿನ ಹೆಡಿಂಗ್ಲೀ ಬಡಾವಣೆಯ ಆ ಮನೆಯಲ್ಲಾದರೆ ಅಡುಗೆಮನೆ ನನ್ನದು. ಬಸ್ ಪಾಸು ನನ್ನದು. ಬೆಳಿಗ್ಗೆ ಮೊಮ್ಮಗಳು ಶಾಲೆಗೆ ಹೋದ ಮೇಲೆ ಕೋಟು ಹಾಕಿಕೊಂಡು ಬಸ್ ಹತ್ತಿ ಮಾರ್ಕೆಟ್ಟಿಗೆ ಹೋಗಿ, ಬದನೆಕಾಯಿ ಒತ್ತಿ ನೋಡಿ, ಅಂಗಡಿಯವನ ಹತ್ತಿರ ಅವನ ಭಾಷೆಯಲ್ಲಿ ಅವನೂ ನನ್ನ ಭಾಷೆಯಲ್ಲಿ ನಾನೂ ಜಗಳ ಆಡಿ ಬರುತ್ತಿದ್ದೆ. ಇದನ್ನೆಲ್ಲ ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗಳು ಅಳುತ್ತಾಳೆ, ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ತಮ್ಮನಿಗೆ ಫೋನು ಮಾಡಿ, "ಕೋಣೆಗೆ ಸುಣ್ಣ ಹೊಡೆಸಿಡಪ್ಪ" ಎಂದೆ, ಅಷ್ಟೇ.

ಮೊದಲು ಫೀನಿಕ್ಸ್ ಬಂತು. ಅದು ಮರುಭೂಮಿಯಂತೆ, ಬೇಸಿಗೆ ಬೆಂಕಿಯಂತೆ. ಮನೆಯವರು ತಡೆದುಕೊಳ್ಳುತ್ತಾರೋ ಇಲ್ಲವೋ ಪರೀಕ್ಷೆ ಆಗಬೇಕು ಎಂದು ಜನವರಿ ತಿಂಗಳಲ್ಲಿ ಹೀಟಿಂಗನ್ನು ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿಟ್ಟ. ಹೊರಗೆ ಹಿಮ, ಒಳಗೆ ಇವನು ಚಡ್ಡಿ ಬನಿಯನ್ನಿನಲ್ಲಿ ಸೋಫಾ ಮೇಲೆ!

"ಇದು ಒಣ ಸೆಖೆ ಅತ್ತೆ, ಬೆವರೋದಿಲ್ಲ" ಎಂದ, ಹಣೆ ಒರೆಸಿಕೊಳ್ಳುತ್ತಾ.

"ದಾವಣಗೆರೆಯಲ್ಲಿ ಹುಟ್ಟಿದವಳಿಗೆ ಸೆಖೆ ತೋರಿಸೋಕೆ ಗ್ಯಾಸ್ ಸುಡ್ತೀರಲ್ಲ ಅಳಿಯಂದ್ರೆ!" ಎಂದೆ.

ಅಂದೆನೇ ಹೊರತು ನನ್ನ ತಲೆಯೊಳಗೆ ಬೇರೆ ಗಾಡಿ ಓಡುತ್ತಿತ್ತು. ಲೀಡ್ಸ್‌ಗೆ ಬಂದಾಗಿನಿಂದ ನನಗೆ ಸಂಡಿಗೆ ಹಾಕಲು ಬಿಸಿಲು ಸಿಕ್ಕಿರಲಿಲ್ಲ. ಆ ಊರಿನ ಬಿಸಿಲಿಗೆ ಕರವಸ್ತ್ರ ಒಣಗಿದರೆ ದೊಡ್ಡದು. ಇಲ್ಲಿ ನೋಡಿದರೆ ಹಜಾರವೇ ಏಪ್ರಿಲ್ ತಿಂಗಳ ಮಾಳಿಗೆಯಾಗಿದೆ! ಬೆಳಗಾಗುವುದರೊಳಗೆ ಅಕ್ಕಿ ಹಿಟ್ಟಿನ ಗಂಜಿ ಕಾಯಿಸಿ, ಜೀರಿಗೆ ಹಾಕಿ, ಹಳೇ ಸೀರೆ ಹಾಸಿ, ಸೋಫಾದಿಂದ ಟಿವಿಯ ತನಕ ಸಂಡಿಗೆ ಇಟ್ಟುಬಿಟ್ಟೆ. ಅಳಿಯ ಕಾಲಿಡಲು ಜಾಗವಿಲ್ಲದೆ ಕೊಕ್ಕರೆಯ ಹಾಗೆ ಒಂದೇ ಕಾಲಲ್ಲಿ ನಿಂತ. ಸಂಡಿಗೆ ಗರಿಗರಿ ಒಣಗಿತು. ಎಣ್ಣೆಗೆ ಬಿಟ್ಟರೆ ಹೂವಿನ ಹಾಗೆ ಅರಳಿತು. "ಫೀನಿಕ್ಸೇ ಒಳ್ಳೆಯ ಊರು" ಎಂದೆ. ಅವನು ಬಾಯಿ ತುಂಬ ಸಂಡಿಗೆ ಇಟ್ಟುಕೊಂಡು, "ಆದ್ರೆ ಸಿಯಾಟಲ್ಲಲ್ಲಿ ಹಸಿರು ಜಾಸ್ತಿ" ಎಂದ. ಇಂಥವನನ್ನು ಏನು ಮಾಡುತ್ತೀರಿ?

ಸಿಯಾಟಲ್ ಮಳೆಗೆ ಬೇರೆ ಪರೀಕ್ಷೆ ಬೇಕಿರಲಿಲ್ಲ, ಕಿಟಕಿ ತೆಗೆದರೆ ಲೀಡ್ಸೇ ತೋರಿಸುತ್ತಿತ್ತು. ಆದರೆ ಅಲ್ಲಿ ಭೂಕಂಪದ ಭಯವಂತೆ. ಅದಕ್ಕೆ ಶನಿವಾರ ಅಭ್ಯಾಸ. ಅವನು ಸೀಟಿ ಊದಿದ ಕೂಡಲೇ ಎಲ್ಲರೂ ಊಟದ ಮೇಜಿನ ಕೆಳಗೆ ತೂರಬೇಕು. ಮಗಳು ತೂರಿದಳು, ಮೊಮ್ಮಗಳು ತೂರಿದಳು, ನನ್ನ ಮಂಡಿ ಮಾತ್ರ ನಾನು ಬರುವುದಿಲ್ಲ ಎಂದಿತು. ಅವನೇ ಕೈ ಹಿಡಿದು, ದಿಂಬು ಹಾಕಿ, ಒಳಗೆ ಕೂರಿಸಿದ. ಒಲೆಯ ಮೇಲೆ ತೊವ್ವೆ ತಳ ಹಿಡಿಯುತ್ತಿತ್ತು.

ಅಷ್ಟರಲ್ಲಿ ಹಿಂಬಾಗಿಲು ತೆಗೆದುಕೊಂಡು ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಬಂದಳು, ನಾನು ಸಂಡಿಗೆ ಕೊಟ್ಟಿದ್ದ ತಟ್ಟೆ ವಾಪಸ್ ಕೊಡಲು. ಮೇಜಿನ ಕೆಳಗೆ ಒಂದು ಸಂಸಾರ ಕೂತಿದೆ! ಅವಳು ಬಗ್ಗಿ ನನ್ನನ್ನೇ ನೋಡಿ, "ಆರ್ ಯೂ ಆಲ್ರೈಟ್, ಲವ್?" ಎಂದಳು. ನನಗೆ ಬರುವ ಇಂಗ್ಲಿಷಿನಲ್ಲಿ ಇದನ್ನು ಹೇಗೆ ಹೇಳಲಿ? "ಸಿಯಾಟಲ್" ಎಂದೆ. ಅವಳು ಎಲ್ಲ ತಿಳಿದವಳ ಹಾಗೆ ತಲೆಯಾಡಿಸಿ, ತಟ್ಟೆ ಮೇಜಿನ ಮೇಲಿಟ್ಟು, ಒಲೆ ಆರಿಸಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು. ಆ ಮನೆಯಲ್ಲಿ ಅವತ್ತು ಬುದ್ಧಿ ಇದ್ದವಳು ಅವಳೊಬ್ಬಳೇ.

ಇನ್ನೊಂದು ಕೇಳಿ. ಫೀನಿಕ್ಸಿನಲ್ಲಿ ಚೇಳು ಹೆಚ್ಚಂತೆ. ಬೂಟು ಕೊಡವದೆ ಕಾಲು ಹಾಕಬಾರದಂತೆ. ಈಗಿನಿಂದಲೇ ರೂಢಿಯಾಗಲಿ ಎಂದು ಅವನು ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಎಲ್ಲರ ಬೂಟುಗಳನ್ನೂ ಬೋರಲು ಹಾಕಿ ಟಪಟಪ ಬಡಿಯುತ್ತಿದ್ದ. ಲೀಡ್ಸಿನ ಆ ಚಳಿಗೆ ಚೇಳು ಬಂದರೆ ಅದಕ್ಕೇ ನಾವು ಸ್ವೆಟರ್ ಹೆಣೆದುಕೊಡಬೇಕು!

"ದೇರ್ ಆರ್ ನೋ ಸ್ಕಾರ್ಪಿಯನ್ಸ್ ಇನ್ ಲೀಡ್ಸ್, ಅಪ್ಪಾ" ಎಂದಳು ಮೊಮ್ಮಗಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು.

ನನ್ನ ಬೂಟಿಗೆ ಕೈ ಹಾಕಿದ ದಿನ ನಾನು ಸುಮ್ಮನಿರಲಿಲ್ಲ. "ಅಯ್ಯೋ ಬಿಡ್ರಿ ಅಳಿಯಂದ್ರೆ! ಅತ್ತೆ ಮೆಟ್ಟೋದನ್ನ ಅಳಿಯ ಮುಟ್ಟೋದಾ? ಊರಲ್ಲಿ ಕೇಳಿದ್ರೆ ಏನಂತಾರೆ?"

"ಚೇಳಿಗೆ ಅತ್ತೆ, ಅಳಿಯ ಅಂತ ಗೊತ್ತಾಗಲ್ಲ" ಎಂದ. ಮಾರನೆಯ ದಿನವೂ ಬಡಿದ, ಅದರ ಮಾರನೆಯ ದಿನವೂ. ಬೇಡ ಬೇಡ ಎಂದು ನನ್ನ ಬಾಯೇ ನೊಂದಿತು.

ಯುಗಾದಿಗೆ ಕನ್ನಡದವರೆಲ್ಲ ಒಂದು ಹಾಲ್ ಬಾಡಿಗೆಗೆ ಹಿಡಿದು ಊಟ ಇಟ್ಟುಕೊಂಡಿದ್ದರು. ಡಾಕ್ಟರುಗಳೇ ಹೆಚ್ಚು, ಜೊತೆಗೆ ಹಸಿದ ಹೊಟ್ಟೆಯ ಓದುವ ಹುಡುಗರು. ಇವನು ಹೋಳಿಗೆಯ ಸಾಲಿನಲ್ಲಿ ನಿಂತು, "ಸಿಯಾಟಲ್ಲೋ ಫೀನಿಕ್ಸೋ?" ಎಂದು ಶುರು ಮಾಡಿದ. ತಗೋ, ಸಾಲು ಎರಡು ಹೋಳಾಯಿತು! ಅಮೆರಿಕದ ಕಡೆ ತಲೆ ಹಾಕದ ಡಾಕ್ಟರೊಬ್ಬರು ಸಿಯಾಟಲ್ಲಿನ ಕಾಫಿಯನ್ನು ಹೊಗಳಿದರು. ಇನ್ನೊಬ್ಬರು ಆ ಮಳೆಯಲ್ಲಿ ಜನಕ್ಕೆ ತಲೆ ಕೆಡುತ್ತದೆ ಎಂದರು, ಲೀಡ್ಸಿನ ಮಳೆಯಲ್ಲಿ ನೆನೆದ ಕೋಟನ್ನು ಹಿಂಡುತ್ತಾ. ಹೋಳಿಗೆ ತಣ್ಣಗಾಯಿತು, ತುಪ್ಪ ಹೆಪ್ಪುಗಟ್ಟಿತು.

ದೂರದ ಸಟನ್ ಕೋಲ್ಡ್‌ಫೀಲ್ಡ್ ಊರಿನಿಂದ ಕಾರು ಹೊಡೆದುಕೊಂಡು ಬಂದಿದ್ದ ಡಾಕ್ಟರಮ್ಮ, ಮೈತುಂಬ ಬಂಗಾರ, "ಫೀನಿಕ್ಸಲ್ಲಿ ನಮ್ಮ ಕಸಿನ್ ಇದಾಳೆ. ಮನೆ ಹಿಂದೇನೇ ಸ್ವಿಮ್ಮಿಂಗ್ ಪೂಲ್!" ಎಂದಳು.

"ಅವರ ಮನೇಲಿ ವಯಸ್ಸಾದವರು ಇದಾರಾ?" ಎಂದು ಕೇಳಿದ ಇವನು.

"ಅವಳ ಅತ್ತೆ ಹೋಗಿ ಬರ್ತಾ ಇರ್ತಾರೆ."

"ಹಗಲೆಲ್ಲ ಏನು ಮಾಡ್ತಾರೆ?"

"ಟಿವಿ ನೋಡ್ತಾರೆ. ವಯಸ್ಸಾದವರು ಇನ್ನೇನು ಮಾಡ್ತಾರೆ?"

ಇವನು ಸಾಲು ಬಿಟ್ಟ. ತಟ್ಟೆ ಹಿಡಿದುಕೊಂಡು ಹೋಗಿ ಒಬ್ಬನೇ ಕೂತ. ಹೋಳಿಗೆ ಗಂಟಲಿಗೆ ಸಿಕ್ಕಿರಬೇಕು ಎಂದುಕೊಂಡು ನೀರು ಕೊಟ್ಟೆ.

ಆಮೇಲೆ ಫೋನಿನ ಹುಚ್ಚು ಹಿಡಿಯಿತು. ಸಿಯಾಟಲ್ಲಿನಲ್ಲಿ ಇವನ ಜೊತೆ ಓದಿದ ಹುಬ್ಬಳ್ಳಿಯವನೊಬ್ಬ ಇದ್ದ. ಮೊಬೈಲನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ, ಮನೆಗೆಲ್ಲ ಕೇಳುವ ಹಾಗೆ ಇಟ್ಟು ಇವನು ಕೇಳುವ ಪ್ರಶ್ನೆಗಳನ್ನು ನೋಡಿ! ಮನೆಯ ಹತ್ತಿರ ಫುಟ್‌ಪಾತ್ ಇದೆಯಾ? ಬಸ್ ನಿಲ್ಲುವುದು ಎಲ್ಲಿ? ತರಕಾರಿ ಅಂಗಡಿಗೆ ನಡೆದು ಹೋಗಬಹುದಾ? ದಾರಿಯಲ್ಲಿ ಕೂರಲು ಬೆಂಚು ಇದೆಯಾ?

"ಬೆಂಚ್ ಯಾಕಲೇ ನಿನಗ?" ಎಂದು ಆ ಕಡೆಯಿಂದ ಗದರಿದ ಅವನು. "ಇಲ್ಲೆ ನಮ್ಮ ಕಡೆ ಎಲ್ಲಾ ಏರು ಐತಿ, ಮ್ಯಾಲ ಮಳಿ. ಕಾರ್ ತಗೋ, ಸುಮ್ನ ಕುಂದರು."

ಫೀನಿಕ್ಸಿಗೂ ಒಂದು ಫೋನು ಹೋಯಿತು. ಅಲ್ಲಿಯವನು ಮೈಸೂರಿನವನು, ನಗುತ್ತಲೇ ಹೇಳಿದ: "ಬೇಸಿಗೇಲಿ ಇಲ್ಲಿ ಬೆಂಚ್ ಮೇಲೆ ಕೂತ್ರೆ ದೋಸೆ ಥರ ಎಬ್ಬಿಸಬೇಕಾಗುತ್ತೆ ಕಣೋ!"

ನಾನು ಒಳಗಿನಿಂದ ಕೂಗಿದೆ: "ಬೀದಿ ಕೊನೆ ಅಂಗಡಿಗೆ ಹಾಲು ತರೋಕೆ ಕಾರು ತೆಗಿಯೋರು ನೀವು. ಬೆಂಚು ಕಟ್ಕೊಂಡು ಏನು ಮಾಡ್ತೀರಿ ಅಳಿಯಂದ್ರೆ?"

"ಸುಮ್ನೆ ಕೇಳ್ದೆ ಅತ್ತೆ."

ಕಂಪನಿಯವರಿಗೂ ಸಾಕಾಯಿತು. ಶುಕ್ರವಾರದೊಳಗೆ ಊರು ಹೇಳು, ಇಲ್ಲದಿದ್ದರೆ ಬೇರೆಯವರನ್ನು ಕಳಿಸುತ್ತೇವೆ ಎಂದರು. ನಾನು ಪೆಟ್ಟಿಗೆ ಮಂಚದ ಕೆಳಗಿನಿಂದ ಎಳೆದು, ಚಳಿ ಕೋಟನ್ನು ಮಗಳ ಬೀರುವಿನಲ್ಲಿಟ್ಟು, ಸೀರೆಗಳನ್ನು ಜೋಡಿಸಿದೆ. ದಾವಣಗೆರೆಯಲ್ಲಿ ಆ ಕೋಟು ಯಾವ ಕೆಲಸಕ್ಕೆ?

ಗುರುವಾರ ಊಟಕ್ಕೆ ಕೂತಾಗ ಅವನು ಅನ್ನ ಕಲಸುತ್ತಾ ಹೇಳಿದ: "ಎರಡೂ ಬೇಡ ಅಂತ ಹೇಳಿಬಿಟ್ಟೆ."

ಮಗಳು ತಲೆ ಎತ್ತಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು! "ಒಂದು ಚಳಿಗಾಲ ನಮ್ಮನ್ನ ಬೇಯಿಸಿ, ಮೇಜಿನ ಕೆಳಗೆ ತುರುಕಿ, ಈಗ ಬೇಡವಾ? ಯಾಕೆ ಬೇಡ?"

"ಸಿಯಾಟಲ್ಲಲ್ಲಿ ಏರು ಜಾಸ್ತಿ ಅತ್ತೆ. ಫೀನಿಕ್ಸಲ್ಲಿ ನೆರಳಿಲ್ಲ."

"ಏರು ಹತ್ತೋದು ನಿಮ್ಮ ಕಾರು ತಾನೇ? ನೆರಳಿಗೆ ಕೊಡೆ ಇಲ್ವಾ? ಬಂದ ಲಕ್ಷ್ಮೀನ ಕಾಲಲ್ಲಿ ಒದ್ರಲ್ಲ!"

"ಇರ್ಲಿ ಬಿಡಿ" ಎಂದು ಅವನು ಮೊಸರು ಬಡಿಸಿಕೊಂಡ. ಒಂದು ಸಂಡಿಗೆಯನ್ನೂ ಮುರಿದುಕೊಂಡ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಾನು ಇನ್ನೂ ಬೈಯುತ್ತಲೇ ಇದ್ದೆ. ಮಗಳು ನಲ್ಲಿ ನಿಲ್ಲಿಸಿದಳು.

"ಅಮ್ಮ, ಸ್ವಲ್ಪ ಬಾಯಿ ಮುಚ್ತೀಯಾ? ನಿನ್ನನ್ನ ಅಲ್ಲಿ ಆರು ತಿಂಗಳಿಗಿಂತ ಜಾಸ್ತಿ ಇಟ್ಕೊಳ್ಳೋಕೆ ಬಿಡಲ್ವಂತೆ. ಅಳಿಯನ ವೀಸಾದಲ್ಲಿ ಅತ್ತೆ ಹೋಗೋ ಹಾಗಿಲ್ಲ. ಇವರು ಕಂಪನಿ ವಕೀಲರನ್ನ ಕೇಳಿ ಕೇಳಿ ಅವರ ಪ್ರಾಣ ತಿಂದ್ರು. ಏನಾದ್ರೂ ದಾರಿ ಸಿಗುತ್ತಾ ಅಂತಾನೇ ಇಷ್ಟು ದಿನ ಎಳೆದದ್ದು."

"ಹಾಗಾದ್ರೆ ಆ ಬೆಂಚು?"

"ಎರಡು ಸ್ಟಾಪ್ ನಡೆದ್ರೆ ಮಂಡಿ ಹಿಡ್ಕೊಂಡು ಕೂರೋರು ಈ ಮನೇಲಿ ಇನ್ಯಾರಿದಾರೆ?"

ನಾನು ಒಂದು ಲೋಟ ತೆಗೆದುಕೊಂಡು ಒರೆಸಿದೆ. "ಮುದುಕಿ ದಾವಣಗೆರೆಗೆ ಹೋಗ್ತಿದ್ದಳಪ್ಪ. ತಮ್ಮ ಸುಣ್ಣಾನೂ ಹೊಡೆಸಿದಾನೆ" ಎಂದೆ.

"ನಾನೂ ಅದನ್ನೇ ಅಂದೆ. ಅದಕ್ಕೆ ಇವರು, 'ಅಲ್ಲಿ ಅತ್ತೆಗೆ ಒಲೆ ಮುಂದೆ ಜಾಗ ಇಲ್ಲ ಮಂಜುಳಾ, ನೆಂಟರ ಥರ ಕೂರಿಸಿಬಿಡ್ತಾರೆ' ಅಂದ್ರು. ನಿನಗೆ ಹೇಳಬೇಡ ಅಂದಿದ್ರು, ನೀನು ಬೈತೀಯ ಅಂತ."

ಅದನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಕೇಳಿಸದ ಕಿವಿಗೆ ಇದು ಹೇಗೆ ಕೇಳಿಸಿತೋ! ಮಗಳು ಕಣ್ಣು ಒರೆಸಿಕೊಳ್ಳಲು ಶುರು ಮಾಡಿದಳು. "ಮೊಸರು ಮುಚ್ಚಿಡು, ಬೆಕ್ಕು ಬರುತ್ತೆ" ಎಂದು ಹೇಳಿ ನನ್ನ ಕೋಣೆಗೆ ಹೋದೆ. ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಏಳುವ ಮೊದಲೇ ಎದ್ದೆ. ಬಾಗಿಲ ಹತ್ತಿರ ಹೋಗಿ, ಮಂಡಿ ಬಗ್ಗದ್ದರಿಂದ ಗೋಡೆ ಹಿಡಿದು ನೆಲಕ್ಕೇ ಕೂತು, ಅಳಿಯನ ಬೂಟು ಎರಡನ್ನೂ ಬೋರಲು ಹಾಕಿ ಟಪಟಪ ಬಡಿದೆ. ಒಂದು ಸಣ್ಣ ಕಲ್ಲು ಬಿತ್ತು. ಅದನ್ನು ಹೊರಗೆ ಎಸೆದು, ಬೂಟು ಜೋಡಿಸಿಟ್ಟು, ಉಪ್ಪಿಟ್ಟಿಗೆ ರವೆ ಹುರಿಯಲು ಹೋದೆ.