ಐರ್ಲೆಂಡಿನ ಹಾಡಿಗೆ ತೀರ್ಥಹಳ್ಳಿಯ ಉತ್ತರ

ನಾನು ಹೋದಲ್ಲೆಲ್ಲ ಇಂಥದ್ದೊಂದು ಆಗಿಯೇ ಆಗುತ್ತದೆ. ನಾನೇ ಮಾಡಿಸುತ್ತೇನೆ ಅನ್ನುವವರು ಹೊಟ್ಟೆಕಿಚ್ಚಿನವರು.

ತನ್ನ ನಾಡಿನ ಹಳೆಯ ಹಾಡುಗಳನ್ನು ದೇಶದೇಶಕ್ಕೆ ಹೊತ್ತು ತಿರುಗುವ ಐರ್ಲೆಂಡಿನ ಗಾಯಕಿಯೊಬ್ಬರು ನಮ್ಮ ಕಡೆಗೂ ಬಂದರು. ಇಂಗ್ಲಿಷ್ ಬರುತ್ತದೆಂದು ಊರೆಲ್ಲ ಹೇಳಿಕೊಂಡಿದ್ದೆನಲ್ಲ, ಮೂರು ಊರುಗಳ ಕಾರ್ಯಕ್ರಮದ ನಿರೂಪಣೆ ನನ್ನ ತಲೆಗೆ ಬಿತ್ತು. ಆಕೆಗೆ ಇದ್ದದ್ದು ಒಂದೇ ಆಸೆ. ಅವರಲ್ಲಿ ಹಾಡು ಮನಸ್ಸಿಗೆ ತಟ್ಟಿದರೆ ಕೇಳುಗರೊಬ್ಬರು ಎದ್ದು ಬಂದು, ಹಾಡುವವರ ಕೈ ಹಿಡಿದು ರಾಗಕ್ಕೆ ತಕ್ಕಂತೆ ಮೆಲ್ಲಗೆ ತಿರುಗಿಸುತ್ತಾರಂತೆ. ಇಲ್ಲೂ ಯಾರಾದರೂ ಹಾಗೆ ಬರಬೇಕು.

"ನಮ್ಮಲ್ಲಿ ಕೈ ಹಿಡಿಯೋಕೆ ಮುಹೂರ್ತ ನೋಡ್ತಾರೆ" ಅಂದೆ. ಆಕೆ ಅದನ್ನೂ ನಂಬಿದರು.

ಸಾಗರ

ಪಕ್ಕವಾದ್ಯವಿಲ್ಲದೆ ಹಾಡುವುದು ಆಕೆಯ ಪದ್ಧತಿ. ನಮ್ಮ ತಬಲಾ ಮೇಷ್ಟ್ರಿಗೆ ಕರುಣೆ ಉಕ್ಕಿತು. "ಪಾಪ, ಯಾರೂ ಸಿಗಲಿಲ್ಲ ಅನ್ಸುತ್ತೆ" ಎಂದು ವೇದಿಕೆ ಹತ್ತಿ ಕೂತೇಬಿಟ್ಟರು.

ಹಾಡಿಗೆ ತಾಳದ ಹಂಗೇ ಇಲ್ಲ. ಬೇಕಾದಲ್ಲಿ ನಿಲ್ಲುತ್ತದೆ, ಬೇಕಾದಾಗ ಹೊರಡುತ್ತದೆ. ಮೇಷ್ಟ್ರು ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು.

"ಸಮ ಎಲ್ಲಿದೆ ಮಾರಾಯ?" ತಾಳದ ಮೊದಲ ಪೆಟ್ಟಿಗಾಗಿ ತಡಕಾಡುತ್ತ ನನ್ನನ್ನು ಕೇಳಿದರು.

"ಬರ್ತದೆ, ಕಾಯಿರಿ ಸಾರ್."

ಕಾದರು. ಹಾಡು ಮುಗಿದು ಆಕೆ ನಮಸ್ಕರಿಸಿದಾಗ, ಸೇಡು ತೀರಿಸಿಕೊಳ್ಳುವಂತೆ ಒಂದೇ ಒಂದು 'ಧಾ' ಬಾರಿಸಿದರು. ಆಕೆಯ ಕೈ ಹಿಡಿಯಲು ಯಾರೂ ಬರಲಿಲ್ಲ. ಮೇಷ್ಟ್ರ ಕೈ ಕುಲುಕಲು ಮಾತ್ರ ಸಾಲು ನಿಂತಿತು.

ಹೊಸನಗರ

ಸ್ವಾಗತ, ಸನ್ಮಾನ, ಅಧ್ಯಕ್ಷರ ಭಾಷಣ ಮುಗಿಯುವಾಗ ಸಂಜೆಯೇ ಕಳೆದಿತ್ತು. ಆಕೆ ಎರಡನೇ ನುಡಿ ಎತ್ತಿಕೊಂಡರು. ಹೊರಗೆ ಹುಂಚಕ್ಕೆ ಹೋಗುವ ಕೊನೇ ಬಸ್ಸು ಹಾರ್ನ್ ಹೊಡೆಯಿತು. ಅರ್ಧ ಸಭೆ ಧಡಕ್ಕನೆ ಎದ್ದು ನಿಂತಿತು.

ಆಕೆ ಎದೆ ಮುಟ್ಟಿಕೊಂಡರು. "ಹಾಡಿನ ನಡುವೆಯೇ ಎದ್ದು ನಿಂತು ಗೌರವಿಸಿದವರು ನೀವೇ ಮೊದಲು!"

ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದವರೊಬ್ಬರು, "ಎಂತ ಹೇಳ್ತಿದಾರೆ?" ಎಂದರು.

"ನಿಮ್ಮನ್ನೇ ಹೊಗಳ್ತಿದಾರೆ."

"ಹೌದಾ? ಡ್ರೈವರನ್ನೂ ಹೊಗಳೋಕೆ ಹೇಳಿ, ಒಂದೈದು ನಿಮಿಷ ನಿಲ್ತಾನೆ!"

ತೀರ್ಥಹಳ್ಳಿ

ಕೊನೆಯ ಊರು. ಎಲ್ಲೂ ಯಾರೂ ಕೈ ಹಿಡಿಯದೆ ಆಕೆಯ ಮುಖ ಸಣ್ಣದಾಗಿತ್ತು. ಮುಂದಿನ ಸಾಲಿನಲ್ಲಿ, ಮದುವೆಮನೆಗಳಲ್ಲಿ ಹಾಡು ಹೇಳಿ ಹೆಸರಾದ ಅಜ್ಜಿ ಕೂತಿದ್ದರು. ನಮ್ಮ ಮದುವೆಗಳಲ್ಲಿ ಒಂದು ಕಡೆಯ ಹೆಂಗಸರು ಬೀಗರನ್ನು ಹಾಡಿನಲ್ಲೇ ಹಂಗಿಸಿದರೆ ಇನ್ನೊಂದು ಕಡೆಯವರು ಹಾಡಿನಲ್ಲೇ ಉತ್ತರಿಸಬೇಕು. ಸುಮ್ಮನಿದ್ದರೆ ಸೋತ ಹಾಗೆ. ನಾನು ಅಜ್ಜಿಯ ಕಿವಿಯಲ್ಲಿ, "ಅಮ್ಮಾ, ಇವರು ಬೀಗರ ಕಡೆಯವರು ಅಂದ್ಕೊಳ್ಳಿ. ಕೈ ಹಿಡಿದು ಕೇಳಬೇಕಂತೆ" ಎಂದು ಊದಿದೆ.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹೋಗಿ ಕೈ ಹಿಡಿದರು. ಹಾಡು ಮುಗಿದ ಮೇಲೂ ಬಿಡಲಿಲ್ಲ. "ಈಗ ನಮ್ದು ಕೇಳು" ಎಂದು ಶುರುಮಾಡಿದರು: ಬೀಗಿತ್ತಿ ಹೋಳಿಗೆ ತಿಂದು ಏಳಲಾರದೆ ಕಂಬ ತಬ್ಬಿದ್ದು, ಬೀಗರು ತುಪ್ಪದ ಮಿಳ್ಳೆಯನ್ನು ಪಂಚೆಯೊಳಗೆ ಬಚ್ಚಿಟ್ಟದ್ದು. ಗಾಯಕಿ ಕಣ್ಣು ಮುಚ್ಚಿ, ಅಜ್ಜಿಯ ಕೈ ತಿರುಗಿಸುತ್ತ ಅತ್ತೇಬಿಟ್ಟರು. ಆಮೇಲೆ ಅರ್ಥ ಕೇಳಿದರು. ಅಳುವವರ ಮುಂದೆ ಹೋಳಿಗೆ ವಿಷಯ ತೆಗೆಯುವುದು ಹೇಗೆ? "ಕಡಲಾಚೆ ಹೋದ ಮಗಳಿಗಾಗಿ ತಾಯಿಯ ಅಳಲು" ಅಂದೆ.

ಆಕೆ ಅಜ್ಜಿಯ ಮನೆಯಲ್ಲೇ ಉಳಿದು ಆ ಹಾಡು ಕಲಿತು ಹೋದರು. ಈಗ ಎಲ್ಲಿ ಹಾಡಿದರೂ ತಮ್ಮ ಹಾಡುಗಳ ಕೊನೆಗೆ, ನನ್ನ ಅರ್ಥ ಹೇಳಿ, ಇದನ್ನೂ ಹಾಡುತ್ತಾರೆ. ಮೊನ್ನೆ ವಿಡಿಯೋ ಕಳಿಸಿದ್ದರು. ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿದೆ. ದೊಡ್ಡ ಸಭಾಂಗಣ, ಕೋಟು ತೊಟ್ಟ ಗಂಡಸರು ಕರ್ಚೀಫು ಒದ್ದೆ ಮಾಡಿಕೊಂಡು ಬಿಕ್ಕುತ್ತಿದ್ದಾರೆ.

"ಇವರೆಲ್ಲ ಬೀಗರ ಕಡೆಯವರಾ?" ಅಜ್ಜಿ ಕನ್ನಡಕ ಏರಿಸಿದರು.

"ಹೌದಮ್ಮ."

"ಅಯ್ಯೋ, ಒಂದು ಹೋಳಿಗೆ ಮಾತಿಗೆ ಇಷ್ಟು ಅಳೋದಾ? ಸಾಕು ಮಾಡು ಅನ್ನು ಮಾರಾಯ, ನಾವು ಗೆದ್ದಾಯ್ತಲ್ಲ!"